ಶಂಖ ತೊರೆದ ಸನ್ಯಾಸಿ

ತೆಂಗಿನಕಾಯಿ ಸುಲಿಯಲು ಮನುಷ್ಯನಿಗೆ ಮಚ್ಚೋ ಹಾರೆಯೋ ಬೇಕು. ಹಿಂದೂ ಮಹಾಸಾಗರ ಹಾಗೂ ಪೆಸಿಫಿಕ್ ಸಾಗರದ ದ್ವೀಪಗಳಲ್ಲಿರುವ ತೆಂಗಿನ ಏಡಿಗೆ ತನ್ನ ಇಕ್ಕಳವೇ ಸಾಕು. ನೆಲದ ಮೇಲೆ ಬದುಕುವ ಸಂಧಿಪದಿಗಳಲ್ಲೆಲ್ಲ ಇದೇ ದೊಡ್ಡದು. ತೂಕ 4 ಕಿಲೋ ಮುಟ್ಟುವುದುಂಟು. ಕಾಲು ಚಾಚಿದರೆ ಅಗಲ ಸುಮಾರು ಒಂದು ಮೀಟರ್. ಮೈಬಣ್ಣ ಕೆಲವಕ್ಕೆ ನೀಲಿ ನೇರಳೆ, ಕೆಲವಕ್ಕೆ ಕಿತ್ತಳೆಗೆಂಪು. ಎಡಗಡೆಯ ಇಕ್ಕಳ ಬಲಗಡೆಯದಕ್ಕಿಂತ ದಪ್ಪ.

ಹೆಸರಿಗೆ ಏಡಿಯಾದರೂ ಇದು ನಮ್ಮ ಗದ್ದೆಯ ಏಡಿಯ ಬಳಗವಲ್ಲ. ಖಾಲಿ ಶಂಖದಲ್ಲಿ ಮೆತ್ತನೆಯ ಹೊಟ್ಟೆಯನ್ನು ಅಡಗಿಸಿಕೊಂಡು, ಮನೆಯನ್ನು ಹೊತ್ತೇ ತಿರುಗುವ ಸನ್ಯಾಸಿ ಏಡಿಗಳ ಬಳಗ. ಆದರೆ ಇದರ ಬೆನ್ನ ಮೇಲೆ ಶಂಖ ಕಾಣುವುದಿಲ್ಲ. ಹಾಗಾದರೆ ನಂಟು ಎಲ್ಲಿಯದು? ಉತ್ತರ ಇದರ ಬಾಲ್ಯದಲ್ಲಿದೆ.

ತಾಯಿ ಏಡಿ ಮೊಟ್ಟೆಗಳನ್ನು ಸಮುದ್ರಕ್ಕೆ ಬಿಡುತ್ತದೆ. ಮರಿಗಳು ಕೆಲವು ವಾರ ನೀರಿನಲ್ಲಿ ತೇಲಾಡಿ, ಬಳಿಕ ಪುಟ್ಟ ಶಂಖವೊಂದನ್ನು ಹುಡುಕಿ ಒಳಸೇರಿ ದಡ ಹತ್ತುತ್ತವೆ. ಬೆಳೆದು ಹೊಟ್ಟೆಯ ಮೇಲ್ಭಾಗ ಗಟ್ಟಿಯಾದ ಮೇಲೆ ಶಂಖದ ಹಂಗು ಬಿಡುತ್ತವೆ. ಆ ಹೊತ್ತಿಗೆ ಗಾಳಿಯನ್ನೇ ನೆಚ್ಚಿದ ದೇಹ. ನೀರಿನಲ್ಲಿ ಹೆಚ್ಚು ಹೊತ್ತು ಮುಳುಗಿದರೆ ಸಾವು.

1767ರಲ್ಲಿ ಲಿನೇಯಸ್ ಇದಕ್ಕೆ 'ಲ್ಯಾಟ್ರೊ' ಎಂದು ಹೆಸರಿಟ್ಟ. ಅಂದರೆ ದರೋಡೆಕೋರ. 1816ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀಚ್ 'ಬರ್ಗಸ್' ಎಂಬ ಬೇರೆಯೇ ಕುಲವನ್ನು ಮಾಡಿದ. ಇಂದಿಗೂ ಆ ಕುಲದಲ್ಲಿ ಇರುವುದು ಇದೊಂದೇ ಪ್ರಭೇದ.

1836ರಲ್ಲಿ ಕೀಲಿಂಗ್ ದ್ವೀಪಗಳಿಗೆ ಬಂದ ಚಾರ್ಲ್ಸ್ ಡಾರ್ವಿನ್, ಇದು ಕಾಯಿ ಒಡೆಯುವ ಬಗೆಯನ್ನು ಅಲ್ಲಿನವರಿಂದ ಕೇಳಿ ಬರೆದಿಟ್ಟ. ಮೂರು ಕಣ್ಣಿರುವ ತುದಿಯಿಂದ ನಾರನ್ನು ಎಳೆ ಎಳೆಯಾಗಿ ಕಿತ್ತು, ಒಂದು ಕಣ್ಣನ್ನು ಇಕ್ಕಳದಿಂದ ಬಡಿದು ತೂತು ಮಾಡುತ್ತದಂತೆ. 2016ರಲ್ಲಿ ಜಪಾನಿನ ಸಂಶೋಧಕರು ಇಕ್ಕಳದ ಹಿಡಿತವನ್ನು ಅಳೆದಾಗ 1,765 ನ್ಯೂಟನ್‌ವರೆಗೆ ಬಂತು, ಎಂದರೆ ಸುಮಾರು 180 ಕಿಲೋ ಭಾರ. ಹಾಗೆಂದು ತೆಂಗಿನಕಾಯಿಯೊಂದೇ ಇದರ ಊಟವಲ್ಲ. ಉದುರಿದ ಕೇದಗೆ ಜಾತಿಯ ಹಣ್ಣು, ಬೀಜ, ಸತ್ತ ಪ್ರಾಣಿ, ಇತರ ಏಡಿ, ಕೊನೆಗೆ ತಾನೇ ಕಳಚಿದ ಪೊರೆಯನ್ನೂ ತಿನ್ನುತ್ತದೆ.

ಬೆಳವಣಿಗೆ ಮಾತ್ರ ಬಲು ನಿಧಾನ. ಪೂರ್ಣ ಗಾತ್ರಕ್ಕೆ ಬರಲು ದಶಕಗಳೇ ಬೇಕು. ಮಾಂಸದ ರುಚಿಗೆ ಮನುಷ್ಯ ಹಿಡಿಯುವುದು ದೊಡ್ಡವನ್ನೇ. ಹಾಗಾಗಿ ಜನವಸತಿಯ ಎಷ್ಟೋ ದ್ವೀಪಗಳಲ್ಲಿ ಇದು ಅಪರೂಪವಾಗಿದೆ. ಭಾರತದಲ್ಲಿ ಇರುವುದು ಅಂಡಮಾನ್ ನಿಕೋಬಾರ್‌ನ ಕೆಲವೇ ದ್ವೀಪಗಳಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದಕ್ಕಿದೆ. ತೆಂಗಿನ ಕರಟವನ್ನೇ ಸೀಳುವ ಇಕ್ಕಳಕ್ಕೆ ಮನುಷ್ಯನ ನಾಲಿಗೆ ಚಪಲವನ್ನು ತಡೆಯುವ ಶಕ್ತಿಯಿಲ್ಲ.