ಹಳೇ ವ್ಯಾನಿನ ಕೀಲೆಣ್ಣೆ

ಬೆಳಗಿನ ಏಳೂವರೆ. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಬಿ ಬ್ಲಾಕಿನಲ್ಲಿ ನೀರು ಹಾಕಿದ ಅಂಗಳಗಳು ಇನ್ನೂ ಹಸಿಯಾಗಿವೆ, ರಂಗೋಲಿ ಪೂರ್ತಿ ಒಣಗಿಲ್ಲ. ಯಾವುದೋ ಹೋಟೆಲಿನ ಕಾವಲಿಯಿಂದ ಬೆಣ್ಣೆ ಕರಗುವ ಘಮ ಬೀದಿ ತಿರುವಿನವರೆಗೂ ಬಂದು ಅಲ್ಲಿಗೇ ನಿಲ್ಲುತ್ತದೆ. ಅಲ್ಲಿಂದಾಚೆಗೆ ಬೇರೆ ವಾಸನೆಯ ರಾಜ್ಯ: ಪೆಟ್ರೋಲು, ರಬ್ಬರು, ಸುಟ್ಟ ಎಣ್ಣೆ. ಬೇವಿನ ಮರದಡಿ ತಗಡಿನ ಶೆಡ್ಡು, ಕೆಳಗೆ ವರ್ಷಾನುಗಟ್ಟಲೆ ಎಣ್ಣೆ ಕುಡಿದು ಟಾರಿನಂತೆ ಮಿರುಗುವ ನೆಲ. ಮೇಸ್ತ್ರಿ ಆಗಲೇ ಅಂಗಿಯ ತೋಳು ಮಡಚಿದ್ದಾರೆ.

ಬೂದು ಬಣ್ಣದ ಓಮ್ನಿಯೊಂದು ಬಂದು ನಿಂತಿತು. ಹಿಂದಿನ ಸೀಟು ಕಿತ್ತು ಮಂಡಕ್ಕಿ ಚೀಲಕ್ಕೆ ಜಾಗ ಮಾಡಿದ ಗಾಡಿ ಅದು. ಬಾಗಿಲು ಸರಿಸಿದೊಡನೆ ಕಾದ ಮರಳಿನ, ಹುರಿದ ಅಕ್ಕಿಯ ಹಿತವಾದ ವಾಸನೆ ಹೊರಗೆ ಚೆಲ್ಲಿತು. ನೆಲದ ಮ್ಯಾಟಿನ ಸಂದಿಯಲ್ಲಿ ನಾಲ್ಕು ಮಂಡಕ್ಕಿ ಕಾಳು. ಯಜಮಾನರು ಮಂಡಕ್ಕಿ ಭಟ್ಟಿಯವರು, ಅರವತ್ತರ ಆಸುಪಾಸು. ಇಳಿಯುವಾಗ ಗಾಡಿಯ ಮೂತಿಯನ್ನು ಎತ್ತಿನ ಬೆನ್ನು ತಟ್ಟುವಂತೆ ತಟ್ಟಿದರು.

"ಮೇಸ್ತ್ರೀ, ಮುಂಜಾನೆ ಚಾಲೂ ಮಾಡಿದ್ರೆ ನೀಲಿ ಹೊಗಿ ಬರ್ತೈತಿ. ಗಟ್ಟಿ ಆಯಿಲ್ ಹಾಕಿಬಿಡು ಅಂತಾರೆ ಎಲ್ರೂ."

"ಎಲ್ರೂ ಅನ್ಲಿ ಸಾವ್ಕಾರ್ರೆ, ಮೊದ್ಲು ಎಂಜಿನ್ ಏನಂತೈತಿ ಕೇಳೋಣ ತಡೀರಿ."

ಕೇಳಲು ಕುಂತರು, ನಿಜವಾಗಿಯೇ. ಮುಂದಿನ ಸೀಟು ಎತ್ತಿದರೆ ಅದರಡಿಯಲ್ಲಿ ಮೂರು ಸಿಲಿಂಡರಿನ, 796 ಸಿಸಿಯ ಪುಟ್ಟ ಎಂಜಿನ್. 1984ರಲ್ಲಿ ಮಾರುತಿ ವ್ಯಾನ್ ಎಂದು ರಸ್ತೆಗಿಳಿದು, ಆಮೇಲೆ ಓಮ್ನಿಯಾಗಿ, 2019ರಲ್ಲಿ ತಯಾರಿಕೆ ನಿಲ್ಲುವವರೆಗೂ ಶಾಲೆಯ ಮಕ್ಕಳನ್ನು, ರೋಗಿಗಳನ್ನು, ತರಕಾರಿಯನ್ನು, ಮದುವೆ ಪಾತ್ರೆಗಳನ್ನು ಹೊತ್ತ ಗಾಡಿಯ ಎದೆ ಇಷ್ಟೇ. ಮೇಸ್ತ್ರಿ ಕಿವಿ ವಾಲಿಸಿ, ಎಕ್ಸಲರೇಟರ್ ತಂತಿಯನ್ನು ಬೆರಳಿನಿಂದ ಮೆಲ್ಲಗೆ ಎಳೆದು ಬಿಟ್ಟರು. ಶುರುವಿನ ಹೊಗೆ ನಾಲ್ಕು ಕ್ಷಣ ಸುಳಿದು ಮಾಯವಾಯಿತು, ವೇಗ ಏರಿಸಿದಾಗ ಮತ್ತೆ ಬರಲಿಲ್ಲ. ಅವರ ಮುಖ ಸಡಿಲವಾಯಿತು. ಪಿಸ್ಟನ್ ರಿಂಗು ಸವೆದಿದ್ದರೆ ಎಳೆತದಲ್ಲೂ ಹೊಗೆ ಬಿಡುತ್ತಿತ್ತು. ಇದು ವಾಲ್ವಿನ ರಬ್ಬರ್ ಸೀಲು ಗಟ್ಟಿಯಾಗಿ, ರಾತ್ರಿಯೆಲ್ಲ ಹನಿಹನಿಯಾಗಿ ಇಳಿದ ಎಣ್ಣೆ ಬೆಳಿಗ್ಗೆ ಉರಿಯುವುದು. ಅದಕ್ಕೆ ಮದ್ದು ಸೀಲು ಬದಲಿಸುವುದು, ಗಟ್ಟಿ ಎಣ್ಣೆಯಲ್ಲ.

ಎಂಜಿನ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಗೇಜ್ ಕಡ್ಡಿ ಎಳೆದರು. ಹತ್ತಿ ವೇಸ್ಟಿನಿಂದ ಒರೆಸಿ, ಮತ್ತೆ ಅದ್ದಿ, ಬೆಳಕಿಗೆ ಹಿಡಿದರು. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರಿನಲ್ಲಿ ಮೆಕ್ಯಾನಿಕ್ಕಿನ ಕೈಯೊರೆಸಲೂ ಹತ್ತಿಯೇ ಇರುವುದು ನನಗೆ ಸರಿಯೆನಿಸಿತು. ಮೇಸ್ತ್ರಿ ಎಣ್ಣೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ಮೂಗಿಗೆ ಹಿಡಿದು ನನ್ನ ಕಡೆಗೂ ಚಾಚಿದರು. ಪೆಟ್ರೋಲಿನ ವಾಸನೆ! ಅಂಗಡಿಯಿಂದ ಅಂಗಡಿಗೆ ಚೀಲ ಇಳಿಸುತ್ತ ಅರ್ಧ ಕಿಲೋಮೀಟರಿಗೊಮ್ಮೆ ನಿಲ್ಲುವ ಗಾಡಿಯ ಎಂಜಿನ್ ಪೂರಾ ಕಾಯುವುದೇ ಇಲ್ಲ. ಉರಿಯದ ಪೆಟ್ರೋಲು, ತೇವ ಎರಡೂ ಎಣ್ಣೆಗೆ ಇಳಿದು ಅದನ್ನು ನೀರು ಮಾಡುತ್ತವೆ.

"ಹರಿಹರಕ್ಕೆ ಹೋದ ದಿನ ಇದು ಉಸಿರಾಡ್ತೈತಿ ನೋಡ್ರಿ," ಎಂದರು. ಹೆದ್ದಾರಿಯಲ್ಲಿ ಹದಿನಾಲ್ಕು ಕಿಲೋಮೀಟರು ಒಂದೇ ಸಮ ಓಡಿ ತುಂಗಭದ್ರೆಯ ಹತ್ತಿರ ಮುಟ್ಟುವಷ್ಟರಲ್ಲಿ ಎಣ್ಣೆ ಚೆನ್ನಾಗಿ ಕಾದು ತೇವ ಬಿಡುತ್ತದೆ. ಊರೊಳಗಿನ ಗಾಡಿಗೆ ಐದು ಸಾವಿರ ಕಿಲೋಮೀಟರು ತುಂಬುವವರೆಗೆ ಕಾಯದೆ, ಆರು ತಿಂಗಳಿಗೊಮ್ಮೆ ಎಣ್ಣೆ ಬದಲಿಸಬೇಕೆಂಬುದು ಇದೇ ಕಾರಣಕ್ಕೆ.

ಹುಡುಗ ಗಾಡಿಯಡಿ ತೂರಿ ನಟ್ಟು ಬಿಚ್ಚಿದ. ಕಪ್ಪು ಧಾರೆ ಮೊದಲು ದಪ್ಪಗೆ, ಆಮೇಲೆ ನೂಲಿನಂತೆ ತಗಡಿನ ಬಾನಿಗೆ ಇಳಿಯಿತು. ಅದು ನಿಲ್ಲುವವರೆಗೆ ಯಾರೂ ಅವಸರ ಮಾಡಲಿಲ್ಲ.

ಶೆಲ್ಫಿನಲ್ಲಿ ಡಬ್ಬಗಳ ಸಾಲು. ಮೇಸ್ತ್ರಿಯ ಕೈ ಹೋದದ್ದು 20ಡಬ್ಲ್ಯು-40ರ ಮೇಲೆ. ಡಬ್ಲ್ಯು ಎಂದರೆ ಚಳಿಗಾಲದ ಗುರುತು. ಅದರ ಹಿಂದಿನ ಅಂಕಿ ತಣ್ಣಗಿರುವಾಗ ಎಣ್ಣೆ ಎಷ್ಟು ಸಲೀಸಾಗಿ ಹರಿದೀತು ಎನ್ನುತ್ತದೆ, ಮುಂದಿನದು 100 ಡಿಗ್ರಿ ಕಾವಿನಲ್ಲಿ ಎಷ್ಟು ದಪ್ಪ ಉಳಿದೀತು ಎನ್ನುತ್ತದೆ. ಹಿಮ ಬೀಳದ ದಾವಣಗೆರೆಗೆ 20 ಸಾಕು. 38 ಡಿಗ್ರಿ ದಾಟುವ ಏಪ್ರಿಲ್ ಬಿಸಿಲಿಗೆ 40 ಬೇಕು. 50ಕ್ಕೆ ಹೋಗುವುದು ರಿಂಗು ನಿಜಕ್ಕೂ ಸೋತು, ಎಂಜಿನ್ ಬಿಚ್ಚಲು ದುಡ್ಡು ಹೊಂದಿಸುವವರೆಗಿನ ಮಾತು. ಗಟ್ಟಿ ಎಣ್ಣೆ ಬೆಳಗಿನ ಹೊತ್ತು ಕ್ಯಾಮಿನವರೆಗೆ ಏರಲು ತಡ ಮಾಡುತ್ತದೆ, ಸವೆತವೆಲ್ಲ ಆ ಮೊದಲ ಕ್ಷಣಗಳಲ್ಲೇ ಹೆಚ್ಚು. ತೀರಾ ತೆಳ್ಳಗಿನ ದುಬಾರಿ ಎಣ್ಣೆಯೋ, ಹಳೇ ಸೀಲುಗಳ ಸಂದಿಯಲ್ಲಿ ಜಿನುಗಬಹುದು. ಡಬ್ಬದ ಹಿಂದೆ ಎಸ್ ಅಕ್ಷರದಿಂದ ಶುರುವಾಗುವ ಗುರುತು ಪೆಟ್ರೋಲ್ ಎಂಜಿನ್ನಿನದು, ಸಿ ಡೀಸೆಲ್ಲಿನದು. ಮೇಸ್ತ್ರಿ ಅದನ್ನೂ ಉಗುರಿನಿಂದ ತೋರಿಸಿಯೇ ಮುಚ್ಚಳ ತಿರುವಿದರು.

ಜೇನಿನ ಬಣ್ಣದ ಎಣ್ಣೆ ಲಾಳಿಕೆಯಲ್ಲಿ ಸುತ್ತುತ್ತ ಇಳಿಯುವುದನ್ನು ನೋಡುತ್ತ ಭಟ್ಟಿಯವರು ತಮ್ಮ ತಂದೆಯ ಬಂಡಿಯ ಮಾತು ತೆಗೆದರು. ಅಚ್ಚಿಗೆ ಹರಳೆಣ್ಣೆಯ ಕೀಲೆಣ್ಣೆ ಬಿಡದೆ ಎತ್ತು ಕಟ್ಟುತ್ತಿರಲಿಲ್ಲವಂತೆ. ಆ ಹರಳೆಣ್ಣೆ ಮೋಟಾರಿಗೂ ಬಂದಿತ್ತು: 1909ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಎಂಬಾತ ತನ್ನ ಎಂಜಿನ್ ಎಣ್ಣೆಗೆ ಹರಳೆಣ್ಣೆ ಬೆರೆಸಿ, ಅದರ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್‌ನಿಂದಲೇ ಕ್ಯಾಸ್ಟ್ರಾಲ್ ಎಂದು ಕರೆದ. ನಾನು ಹೇಳಿದ್ದು ಕೇಳಿ ಭಟ್ಟಿಯವರ ಕಣ್ಣರಳಿತು.

ಹೊಸ ಫಿಲ್ಟರಿನ ರಬ್ಬರಿಗೆ ಎಣ್ಣೆ ಸವರಿ ಕೈಯಿಂದಲೇ ಬಿಗಿದಾಗಿತ್ತು. ಹಿಡಿಸಿದ್ದು ಮೂರು ಲೀಟರಿನ ಆಸುಪಾಸು. ಎಂಜಿನ್ ಚಾಲೂ ಆಗಿ, ಎಣ್ಣೆಯ ಎಚ್ಚರಿಕೆ ದೀಪ ಆರಿ, ಮತ್ತೆ ಬಂದಾಗಿ, ಕಡ್ಡಿಯ ಮೇಲಿನ ಗೆರೆಗೆ ಎಣ್ಣೆ ಬಂದು ನಿಂತಿತು. "ಹದಿನೈದು ದಿವ್ಸಕ್ಕೊಮ್ಮೆ ನೀವೇ ಎಳ್ದು ನೋಡ್ರಿ ಮತ್ತ," ಎಂದು ಮೇಸ್ತ್ರಿ ಬಾಗಿಲ ಒಳಮೈಗೆ ಚೀಟಿ ಅಂಟಿಸಿ ತಾರೀಕು, ಕಿಲೋಮೀಟರು ಬರೆದರು. ಹುಡುಗ ಖಾಲಿ ಡಬ್ಬದಲ್ಲಿ ಯಾರೂ ಕಳ್ಳ ಎಣ್ಣೆ ತುಂಬದಂತೆ ಸ್ಕ್ರೂಡ್ರೈವರಿನಿಂದ ಮೂರು ತೂತು ಹೊಡೆದು ಮೂಲೆಗೆ ಎಸೆದ.