ಶಿಫಾರಸು ಪತ್ರಕ್ಕೆ ಯಾರನ್ನು ಕೇಳಬೇಕು?

ಶಿಫಾರಸು ಎಂಬ ಮಾತೇ ನಮ್ಮನ್ನು ಅರ್ಧ ದಾರಿ ತಪ್ಪಿಸುತ್ತದೆ. ನಮ್ಮ ಬಳಕೆಯಲ್ಲಿ ಅದಕ್ಕೆ ವಶೀಲಿಯ ವಾಸನೆ ಇದೆ: ಸೀಟಿಗೋ ವರ್ಗಾವಣೆಗೋ ಬಲವುಳ್ಳವರಿಂದ ಒಂದು ಮಾತು ಹೇಳಿಸುವುದು. ಹಾಗಾಗಿ ಪುತ್ತೂರಿನಲ್ಲೋ ಸುಳ್ಯದಲ್ಲೋ ಕಡಬದಲ್ಲೋ ಮಗಳೊಬ್ಬಳು ಸಂಖ್ಯಾಶಾಸ್ತ್ರದ ಪಿಎಚ್‌.ಡಿ.ಗೆ ಅಮೆರಿಕಕ್ಕೆ ಅರ್ಜಿ ಹಾಕಬೇಕು, ಮೂವರ ಶಿಫಾರಸು ಪತ್ರ ಬೇಕು ಎಂದರೆ ಮನೆಯವರ ಲಕ್ಷ್ಯ ಪ್ರಾಂಶುಪಾಲರು, ಆಡಳಿತ ಮಂಡಳಿಯವರು, ಪರಿಚಯದ ಶಾಸಕರ ಕಡೆಗೆ ಹೋಗುವುದು ಸಹಜ. ಅದು ಮನೆಯವರ ತಪ್ಪಲ್ಲ. ಐಐಟಿಗಳ ಎಂ.ಎಸ್ಸಿ.ಗೆ ಜಾಮ್ ಪರೀಕ್ಷೆ ಇದೆ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಅದರದ್ದೇ ಪ್ರವೇಶ ಪರೀಕ್ಷೆ ಇದೆ. ಬಹುತೇಕ ಅಂಕದ ಮೇಲೆಯೇ ತೀರ್ಮಾನವಾಗುವ ದಾರಿಯಲ್ಲಿ ಬಂದವರಿಗೆ, ಒಬ್ಬ ಮಾಸ್ಟ್ರ ಕಾಗದಕ್ಕೆ ಅಂಕಪಟ್ಟಿಯಷ್ಟೇ ತೂಕ ಇರುವ ಜಾಗ ಹೊಸತು.

ಆ ಕಾಗದವನ್ನು ಓದುವವರು ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರು. ಅಂಕ ಅವರ ಕಣ್ಣೆದುರೇ ಇರುತ್ತದೆ. ಅವರಿಗೆ ಬೇಕಾದದ್ದು ಅಂಕಪಟ್ಟಿ ಹೇಳದ ಸಂಗತಿ: ಪುಸ್ತಕದ ಕೊನೆಯಲ್ಲಿ ಉತ್ತರ ಇಲ್ಲದಾಗ ಈ ಹುಡುಗಿ ಏನು ಮಾಡುತ್ತಾಳೆ? ತನ್ನ ಲೆಕ್ಕ ತಪ್ಪಿದ್ದನ್ನು ತಾನೇ ಕಂಡುಹಿಡಿಯುತ್ತಾಳೆಯೇ? ಇದನ್ನು ಹೇಳಬಲ್ಲವರು ಅವಳು ಕೆಲಸ ಮಾಡುವುದನ್ನು ಕಣ್ಣಾರೆ ಕಂಡವರು ಮಾತ್ರ. ಎಂದರೆ ಬೇಕಾದದ್ದು ಸಾಕ್ಷಿ. ಅಡಿಕೆ ಮಾರುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲ ಗೋಣಿಗಳ ಮೇಲೂ 'ಉತ್ತಮ' ಎಂದು ಬರೆದಿದ್ದರೆ ಆ ಬರಹದಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಕೈಹಾಕಿ ನೋಡಿ ಇದು ಪಟೋರ, ಇದು ಉಳ್ಳಿ, ಇದು ಕೋಕ ಎಂದು ಬೇರ್ಪಡಿಸಿದವನ ಮಾತಿಗೆ ಬೆಲೆ. 'ಶಿಸ್ತಿನ, ಪರಿಶ್ರಮಿ ವಿದ್ಯಾರ್ಥಿನಿ' ಎಂಬ ಸಾಲನ್ನು ಇಡೀ ತರಗತಿಗೆ ಬರೆಯಬಹುದು. ಎಲ್ಲರಿಗೂ ಹೊಂದುವ ಮಾತಿನಲ್ಲಿ ಮಾಹಿತಿ ಸೊನ್ನೆ ಎಂಬುದು ಸಂಖ್ಯಾಶಾಸ್ತ್ರದ್ದೇ ಮೊದಲ ಪಾಠಗಳಲ್ಲೊಂದು.

ಕರ್ನಾಟಕದ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರ ಉದಾಹರಣೆ ಇಲ್ಲಿ ಒದಗಿ ಬರುತ್ತದೆ. ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಅಸ್ಥಿಪಂಜರಗಳ ಅಳತೆಗಳನ್ನು ವಿಶ್ಲೇಷಿಸಲು ಕೇಂಬ್ರಿಜ್‌ನ ಮಾನವಶಾಸ್ತ್ರ ವಸ್ತುಸಂಗ್ರಹಾಲಯಕ್ಕೆ ಜನ ಬೇಕಾಗಿತ್ತು. ಗುಂಪು ಗುಂಪುಗಳ ನಡುವಿನ ಅಂತರವನ್ನು ಅಳೆಯುವ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಸ್ಥಾಪಕ ಪಿ.ಸಿ. ಮಹಲನೋಬಿಸರ ವಿಧಾನ ಅದಕ್ಕೆ ಹೊಂದುತ್ತಿತ್ತು. ಕಲ್ಕತ್ತೆಯ ತಮ್ಮ ಸಂಸ್ಥೆಯಿಂದ ಮಹಲನೋಬಿಸರು 1946ರಲ್ಲಿ ಕಳಿಸಿದವರಲ್ಲಿ ರಾವ್ ಒಬ್ಬರು. ಅಲ್ಲಿ ಸಂಖ್ಯಾಶಾಸ್ತ್ರಜ್ಞ ಆರ್.ಎ. ಫಿಶರ್ ಅವರ ಮಾರ್ಗದರ್ಶನದಲ್ಲಿ 1948ರಲ್ಲಿ ಪಿಎಚ್‌.ಡಿ. ಬಂತು. ಮಹಲನೋಬಿಸರ ಹೆಸರು ಕೆಲಸ ಮಾಡಲಿಲ್ಲವೇ ಎಂದರೆ, ಮಾಡಿರಲೇಬೇಕು. ಆದರೆ ರಾವ್ ಕೆಲಸ ಮಾಡುತ್ತಿದ್ದುದು ಅವರದೇ ಸಂಸ್ಥೆಯಲ್ಲಿ. ಯಾವ ಕೆಲಸಕ್ಕೆ ಯಾರು ಒದಗುತ್ತಾರೆ ಎಂದು ಮಹಲನೋಬಿಸರು ಹತ್ತಿರದಿಂದ ನೋಡಿ ತಿಳಿದಿದ್ದರು. ರಾವ್ ಅವರನ್ನು ಕಾಣದ ಬೇರೊಬ್ಬ ದೊಡ್ಡವರಿಂದ ಆ ಮಾತು ಬರಲು ಸಾಧ್ಯವಿರಲಿಲ್ಲ.

ಇದಕ್ಕೆ ಬರುವ ದೊಡ್ಡ ಆಕ್ಷೇಪ ನ್ಯಾಯವಾದದ್ದೇ. ಮಹಲನೋಬಿಸರನ್ನು ಕೇಂಬ್ರಿಜ್ ಬಲ್ಲುದು. ಸುಳ್ಯದ ಉಪನ್ಯಾಸಕರನ್ನು ಅಮೆರಿಕದಲ್ಲಿ ಯಾರು ಬಲ್ಲರು? ಓದುವವರಿಗೆ ಗುರುತಿರುವ ಹೆಸರಿಗೆ, ಸ್ವತಃ ಸಂಶೋಧನೆ ಮಾಡಿದವರ ಮಾತಿಗೆ ಹೆಚ್ಚಿನ ಬೆಲೆ ಇದೆ, ಅದನ್ನು ಅಲ್ಲಗಳೆದರೆ ಮಕ್ಕಳಿಗೆ ಮೋಸ ಮಾಡಿದಂತೆ. ಆದ್ದರಿಂದ ಮೂವರಲ್ಲಿ ಒಬ್ಬರಾದರೂ ಸಂಶೋಧನೆಯ ಅನುಭವ ಉಳ್ಳವರಾಗಿರಲಿ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮಾಡುವವರಿಗೆ ಪ್ರಾಜೆಕ್ಟಿನ ಮಾರ್ಗದರ್ಶಕರು ಇರುತ್ತಾರೆ. ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯ ಇದೆ, ವಿಟ್ಲದಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದೆ. ತೋಟದ ಅಂಕಿಅಂಶ ಕೀಳೇನಲ್ಲ: ಫಿಶರ್ ತಮ್ಮ ಪ್ರಯೋಗ ವಿನ್ಯಾಸದ ತತ್ವಗಳನ್ನು ಕಟ್ಟಿದ್ದು ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನ ಹೊಲಗಳಲ್ಲಿ. ಒಂದು ಮರ ಈ ವರ್ಷ ಹೆಚ್ಚು, ಮುಂದಿನ ವರ್ಷ ಕಡಿಮೆ ಕೊಡುವ ಗೇರಿನ ಇಳುವರಿಯ ಅಂಕಿಅಂಶವೂ ಅಷ್ಟೇ ಗಂಭೀರ ಸಮಸ್ಯೆ. ಅಂಥ ಕಡೆ ಕೆಲವು ತಿಂಗಳು ಕೆಲಸ ಮಾಡಲು ಅವಕಾಶ ಸಿಕ್ಕಿದರೆ, ಅಲ್ಲಿನ ವಿಜ್ಞಾನಿ ಬರೆಯುವ ಒಂದು ಪುಟ ಅಪರಿಚಿತ ಕುಲಪತಿಯ ಸಹಿಗಿಂತ ದೂರ ಹೋಗುತ್ತದೆ. ಉಳಿದಿಬ್ಬರಲ್ಲಿ ಒಬ್ಬರು ಸಂಭವನೀಯತೆಯನ್ನೋ ವಾಸ್ತವ ವಿಶ್ಲೇಷಣೆಯನ್ನೋ ಕಲಿಸಿದವರಾಗಿರಲಿ. ಗಣಿತದ ಬುನಾದಿ ಗಟ್ಟಿ ಇದೆಯೇ ಎಂದು ಆಯ್ಕೆ ಸಮಿತಿ ಖಂಡಿತ ಹುಡುಕುತ್ತದೆ. ಮೂವರೂ ಒಂದೇ ತರಗತಿಯ ಒಂದೇ ಮುಖವನ್ನು ಕಂಡವರಾದರೆ ಮೂರು ಪತ್ರ ಇದ್ದೂ ಸಾಕ್ಷಿ ಒಂದೇ.

ಎರಡನೆಯ ಅಡ್ಡಿ ನಮ್ಮಲ್ಲಿ ಬೇರೂರಿದ ಪದ್ಧತಿ: 'ನೀನೇ ಬರ್ಕೊಂಡು ಬಾ, ನಾನು ಸಹಿ ಹಾಕ್ತೇನೆ.' ಕೈತುಂಬ ಪಾಠ, ಮೌಲ್ಯಮಾಪನ, ಕಚೇರಿಯ ಕೆಲಸ ಇರುವ ಉಪನ್ಯಾಸಕರು ಹೀಗೆ ಹೇಳುವುದರಲ್ಲಿ ದುರುದ್ದೇಶವಿಲ್ಲ, ಆದರೆ ಇದು ವಿದ್ಯಾರ್ಥಿಯನ್ನೇ ಕೆಡಿಸುತ್ತದೆ. ಒಂದೇ ಕೈಯಿಂದ ಬಂದ ಮೂರು ಪತ್ರಗಳ ಹೋಲಿಕೆ ನುರಿತ ಓದುಗರಿಗೆ ಬೇಗ ಗೊತ್ತಾಗುತ್ತದೆ. ಪ್ರಾಮಾಣಿಕತೆಯ ಪ್ರಶ್ನೆಯಂತೂ ಇದ್ದೇ ಇದೆ. ಪತ್ರವನ್ನು ಮುಂದೆ ನೋಡುವ ಹಕ್ಕನ್ನು ಬಿಟ್ಟುಕೊಡುವಿರಾ ಎಂದು ಅಮೆರಿಕದ ಅರ್ಜಿಗಳು ಕೇಳುವುದು, ಬರೆದವರು ಮುಲಾಜಿಲ್ಲದೆ ಬರೆದಿದ್ದಾರೆ ಎಂಬ ನಂಬಿಕೆಗಾಗಿ. ಪತ್ರವನ್ನು ಬರೆದುಕೊಂಡು ಹೋಗುವ ಬದಲು ಸಾಮಗ್ರಿ ಕೊಂಡುಹೋಗಬಹುದು: ಅಂಕಪಟ್ಟಿ, ಪ್ರಾಜೆಕ್ಟ್ ವರದಿ, ಅವರ ತರಗತಿಯಲ್ಲಿ ಮಾಡಿದ ಸೆಮಿನಾರಿನ ವಿಷಯ, ಎಲ್ಲೆಲ್ಲಿಗೆ ಯಾವ ದಿನದೊಳಗೆ ಕಳಿಸಬೇಕೆಂಬ ಪಟ್ಟಿ. ಅನೇಕ ಗಡುವುಗಳು ಡಿಸೆಂಬರಿನಲ್ಲಿ ಬೀಳುವುದರಿಂದ ಸೆಪ್ಟೆಂಬರಿನಲ್ಲೇ ಕೇಳುವುದು ಒಳ್ಳೆಯದು. 'ಸರ್, ನನ್ನ ಕೆಲಸದ ಬಗ್ಗೆ ವಿವರವಾಗಿ ಬರೆಯಲಿಕ್ಕೆ ನಿಮಗೆ ಆಗ್ತದಾ?' ಎಂದು ಕೇಳಿ, ಅವರು ತಡವರಿಸಿದರೆ ಬೇಸರಿಸದೆ ಬೇರೆಯವರ ಬಳಿ ಹೋಗಬೇಕು.

ಊರಿನ ಉಪನ್ಯಾಸಕರ ಕೈಯಲ್ಲಿ ದೊಡ್ಡವರಿಗಿಲ್ಲದ ಒಂದು ಬಲವೂ ಇದೆ: ಹೋಲಿಕೆ. 'ನಾನು ಇಷ್ಟು ವರ್ಷ ಪಾಠ ಮಾಡಿದ್ದೇನೆ, ಇಷ್ಟು ಮಂದಿಯಲ್ಲಿ ಈಕೆ ಮೊದಲ ಮೂವರಲ್ಲಿ ಒಬ್ಬಳು, ಹಿಂದೆ ನಾನು ಕಳಿಸಿದ ಹುಡುಗ ಇಂಥ ಕಡೆ ಚೆನ್ನಾಗಿ ಮಾಡುತ್ತಿದ್ದಾನೆ, ಈಕೆ ಅವನಿಗಿಂತ ಗಟ್ಟಿ' ಎಂದು ಅವರು ಬರೆಯಬಲ್ಲರು. ಅಂಥ ಸಾಲು ಬರಬೇಕಾದರೆ ಹಿಂದೆ ಹೋದವನು ತನಗೆ ಸೀಟು ಸಿಕ್ಕಿತೋ ಇಲ್ಲವೋ, ಅಲ್ಲಿ ಏನು ಓದುತ್ತಿದ್ದೇನೆ ಎಂದು ತನ್ನ ಮಾಸ್ಟ್ರಿಗೆ ತಿಳಿಸಿರಬೇಕು.