ಪರಿಕಲ್ಪನಾ ದತ್ತಾಂಶ ಮಾದರಿ ಭಾಷೆಗಳ ಏಕೀಕರಣ

ಪರಿಕಲ್ಪನಾ ದತ್ತಾಂಶ ಮಾದರಿ ಭಾಷೆಗಳ ಏಕೀಕರಣ ಎಂಬುದು ತಂತ್ರಾಂಶ ವಿನ್ಯಾಸದಲ್ಲಿ ಬಳಕೆಯಲ್ಲಿರುವ ಬೇರೆ ಬೇರೆ ಮಾದರಿ ಭಾಷೆಗಳ ನಡುವೆ ಅರ್ಥದ ಹೊಂದಾಣಿಕೆಯನ್ನು ಏರ್ಪಡಿಸುವ ವಿಧಾನ. ಡೇಟಾಬೇಸ್ ಕಟ್ಟುವ ಮೊದಲು ಅದರಲ್ಲಿ ಯಾವ ಸಂಗತಿಗಳ ವಿವರ ಇರಬೇಕು, ಅವುಗಳ ನಡುವಿನ ಸಂಬಂಧವೇನು, ಅವಕ್ಕೆ ಅನ್ವಯಿಸುವ ನಿಯಮಗಳಾವುವು ಎಂಬುದನ್ನು ಚಿತ್ರರೂಪದಲ್ಲಿ ಬರೆದಿಡಲಾಗುತ್ತದೆ. ಇದೇ ಪರಿಕಲ್ಪನಾ ಮಾದರಿ. ಭಿನ್ನ ಭಾಷೆಗಳಲ್ಲಿ ಬರೆದ ಇಂತಹ ಮಾದರಿಗಳನ್ನು ಅವುಗಳ ನಿಯಮಗಳು ಕಳೆದುಹೋಗದಂತೆ ಒಂದುಗೂಡಿಸುವುದು ಏಕೀಕರಣದ ಗುರಿ.

ಪ್ರಮುಖ ಭಾಷೆಗಳು

• ಇಆರ್ (ಘಟಕ–ಸಂಬಂಧ ಮಾದರಿ): ಇದನ್ನು ಪೀಟರ್ ಚೆನ್ 1976ರಲ್ಲಿ ಮಂಡಿಸಿದರು. ಘಟಕಗಳನ್ನು ಆಯತದಿಂದಲೂ ಸಂಬಂಧಗಳನ್ನು ವಜ್ರಾಕೃತಿಯಿಂದಲೂ ತೋರಿಸಲಾಗುತ್ತದೆ. ಉಪವರ್ಗಗಳನ್ನು ಸೇರಿಸಿಕೊಂಡ ಇದರ ವಿಸ್ತೃತ ರೂಪಕ್ಕೆ ಇಇಆರ್ ಎಂದು ಹೆಸರು.

• ಯುಎಂಎಲ್ ವರ್ಗಚಿತ್ರ: ಗ್ರೇಡಿ ಬೂಚ್, ಜೇಮ್ಸ್ ರಂಬಾ ಮತ್ತು ಐವರ್ ಜೇಕಬ್‌ಸನ್ ತಮ್ಮ ಪ್ರತ್ಯೇಕ ಪದ್ಧತಿಗಳನ್ನು ಬೆಸೆದು ಯುಎಂಎಲ್ ರೂಪಿಸಿದರು. ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ 1997ರಲ್ಲಿ ಅದನ್ನು ಮಾನಕವಾಗಿ ಅಂಗೀಕರಿಸಿತು.

• ಓಆರ್‌ಎಂ: ನೈಯಾಮ್ ಪದ್ಧತಿಯಿಂದ ಬೆಳೆದು, ಟೆರ್ರಿ ಹ್ಯಾಲ್ಪಿನ್ ಅವರಿಂದ ವಿಸ್ತಾರಗೊಂಡ ಭಾಷೆ. ಇದರಲ್ಲಿ ಪ್ರತಿಯೊಂದು ಸಂಗತಿಯನ್ನೂ ಒಂದು ಸರಳ ವಾಕ್ಯವೆಂದು ಪರಿಗಣಿಸಲಾಗುತ್ತದೆ.

ಭಿನ್ನತೆಗಳು

ಮೂರೂ ಭಾಷೆಗಳಲ್ಲಿ ವಸ್ತು, ಸಂಬಂಧ ಮತ್ತು ಸಂಬಂಧದಲ್ಲಿ ವಸ್ತುವಿನ ಪಾತ್ರ ಎಂಬ ಕಲ್ಪನೆಗಳಿವೆ. ಭೇದ ಕಾಣುವುದು ವಿವರಗಳಲ್ಲಿ. ‘ತೂಕ’ ಎಂಬುದು ಇಆರ್ ಮತ್ತು ಯುಎಂಎಲ್‌ಗಳಲ್ಲಿ ವಸ್ತುವಿನ ಒಂದು ಗುಣ. ಓಆರ್‌ಎಂನಲ್ಲಿ ಗುಣವೆಂಬ ಕಲ್ಪನೆಯೇ ಇಲ್ಲ, ಅದೂ ಒಂದು ಸಂಬಂಧವೇ. ಯುಎಂಎಲ್‌ನ ಕಪ್ಪು ವಜ್ರದ ಗುರುತು ಅಂಶ ಮತ್ತು ಪೂರ್ಣಗಳ ಬಿಗಿಯಾದ ಸಂಬಂಧವನ್ನು ಹೇಳುತ್ತದೆ. ಮೂಲ ಇಆರ್‌ನಲ್ಲಿ ಅದಕ್ಕೆ ಚಿಹ್ನೆಯಿಲ್ಲ. ಇನ್ನೊಂದು ಘಟಕದ ಆಧಾರವಿಲ್ಲದೆ ಗುರುತಿಸಲಾಗದ ‘ದುರ್ಬಲ ಘಟಕ’ಕ್ಕೆ ಇಆರ್‌ನಲ್ಲಿ ಪ್ರತ್ಯೇಕ ಚಿಹ್ನೆಯಿದೆ, ಯುಎಂಎಲ್‌ನಲ್ಲಿ ಇಲ್ಲ.

ಉದಾಹರಣೆ: ಬ್ಯಾಡಗಿಯ ಮೆಣಸಿನಕಾಯಿ ಲಾಟ್

ಹಾವೇರಿ ಜಿಲ್ಲೆಯ ಬ್ಯಾಡಗಿಯ ಕೃಷಿ ಮಾರುಕಟ್ಟೆ ಒಣಮೆಣಸಿನಕಾಯಿ ವಹಿವಾಟಿಗೆ ಹೆಸರಾಗಿದೆ. ರೈತರು ತಂದ ಚೀಲಗಳನ್ನು ದಲಾಲರ ಅಂಗಡಿಗಳಲ್ಲಿ ಲಾಟ್‌ಗಳಾಗಿ ಇಡಲಾಗುತ್ತದೆ. ಖರೀದಿದಾರರು ಮಾಲು ನೋಡಿ ಟೆಂಡರಿನಲ್ಲಿ ದರ ನಮೂದಿಸುತ್ತಾರೆ.

ಪ್ರತಿ ಅಂಗಡಿಯಲ್ಲಿಯೂ ದಿನವೂ ಲಾಟ್ ಸಂಖ್ಯೆ 1ರಿಂದ ಆರಂಭವಾಗುತ್ತದೆ ಎಂದು ಭಾವಿಸೋಣ. ಆಗ ‘ಲಾಟ್ 12’ ಎಂದರೆ ಸಾಲದು. ಅಂಗಡಿ, ದಿನಾಂಕ, ಸಂಖ್ಯೆ ಈ ಮೂರೂ ಸೇರಿದರೆ ಮಾತ್ರ ಲಾಟ್ ಯಾವುದೆಂದು ತಿಳಿಯುತ್ತದೆ. ಇಆರ್ ಇದನ್ನು ದುರ್ಬಲ ಘಟಕವೆಂದು ಬರೆಯುತ್ತದೆ. ಓಆರ್‌ಎಂ ಅನನ್ಯತೆಯ ನಿಯಮದಿಂದ ಸೂಚಿಸುತ್ತದೆ. ಯುಎಂಎಲ್‌ಗೆ ಬದಲಿಸುವಾಗ ಕಪ್ಪು ವಜ್ರವನ್ನಷ್ಟೇ ಹಾಕಿದರೆ ಲಾಟ್ ಅಂಗಡಿಗೆ ಸೇರಿದ್ದೆಂದು ತಿಳಿಯುತ್ತದೆಯೇ ಹೊರತು, ಗುರುತಿನ ನಿಯಮ ಉಳಿಯುವುದಿಲ್ಲ. ಪರಿಣಾಮವಾಗಿ ಇಬ್ಬರು ರೈತರ ಲಾಟ್‌ಗಳು ಒಂದಾಗಿ, ಒಬ್ಬರ ಮಾಲಿನ ಹಣ ಇನ್ನೊಬ್ಬರ ಖಾತೆಗೆ ಹೋಗಬಹುದು.

ಪ್ರತ್ಯೇಕವಾಗಿ ರೂಪುಗೊಂಡ ವ್ಯವಸ್ಥೆಗಳನ್ನು ಜೋಡಿಸುವಾಗ ಇಂತಹ ಪ್ರಶ್ನೆಗಳು ಮುಖ್ಯವಾಗುತ್ತವೆ. ಕರ್ನಾಟಕದ ಏಕೀಕೃತ ಮಾರುಕಟ್ಟೆ ವೇದಿಕೆ ಮತ್ತು 2016ರ ಏಪ್ರಿಲ್ 14ರಂದು ಆರಂಭವಾದ ಕೇಂದ್ರದ ಇ–ನಾಮ್ ಬೇರೆ ಬೇರೆಯಾಗಿ ಬೆಳೆದವು. ಇವೆರಡರ ನಡುವೆ ವ್ಯಾಪಾರ ಸಾಧ್ಯವಾಗುವ ಏರ್ಪಾಟನ್ನು 2020ರ ಮೇ ತಿಂಗಳಲ್ಲಿ ಪ್ರಕಟಿಸಲಾಯಿತು. ಎರಡು ಕಡೆಯ ‘ರೈತ’, ‘ಲಾಟ್’, ‘ಖರೀದಿದಾರ’ ಎಂಬ ಪದಗಳು ಒಂದೇ ಅರ್ಥ ಹೊಂದಿರದೆ ಇಂತಹ ವ್ಯಾಪಾರ ನಡೆಯದು.

ಏಕೀಕರಣದ ವಿಧಾನಗಳು

1. ನೇರ ಅನುವಾದ: ಒಂದು ಭಾಷೆಯ ಚಿಹ್ನೆಗೆ ಇನ್ನೊಂದರ ಸಮೀಪದ ಚಿಹ್ನೆಯನ್ನು ಬಳಸುವುದು. ಭಾಷೆಗಳು ಹೆಚ್ಚಿದಂತೆ ಬೇಕಾಗುವ ಅನುವಾದಗಳ ಸಂಖ್ಯೆಯೂ ಏರುತ್ತದೆ.

2. ತರ್ಕಾಧಾರಿತ ವಿಧಾನ: ಎಲ್ಲ ಮಾದರಿಗಳನ್ನೂ ವಿವರಣಾತ್ಮಕ ತರ್ಕದ ಸೂತ್ರಗಳಾಗಿ ಬದಲಿಸುವುದು. ಇದರಿಂದ ಮಾದರಿಯಲ್ಲಿನ ವಿರೋಧಗಳನ್ನು ಕಂಪ್ಯೂಟರಿನಿಂದಲೇ ಪತ್ತೆ ಹಚ್ಚಬಹುದು.

3. ಅಧಿಮಾದರಿ: ಎಲ್ಲ ಭಾಷೆಗಳ ಅಂಗಗಳನ್ನೂ ಅವುಗಳ ಬಳಕೆಯ ನಿಯಮಗಳನ್ನೂ ಒಳಗೊಂಡ ‘ಮಾದರಿಗಳ ಮಾದರಿ’. ಸಿ. ಮಾರಿಯಾ ಕೀಟ್ ಮತ್ತು ಪಾಬ್ಲೊ ಫಿಲ್ಲೊತ್ರಾನಿ ಅವರು ಯುಎಂಎಲ್, ಇಇಆರ್ ಮತ್ತು ಓಆರ್‌ಎಂ2 ಭಾಷೆಗಳಿಗಾಗಿ ರಚಿಸಿದ ಅಧಿಮಾದರಿ 2015ರಲ್ಲಿ ಪ್ರಕಟವಾಯಿತು.

ಮಿತಿಗಳು

ಒಂದು ಭಾಷೆಯಲ್ಲಿ ಹೇಳಬಹುದಾದುದೆಲ್ಲವನ್ನೂ ಇನ್ನೊಂದರಲ್ಲಿ ಹೇಳಲಾಗದು. ವರ್ಗಚಿತ್ರಗಳ ತಾರ್ಕಿಕ ಪರೀಕ್ಷೆಗೆ ಅತಿ ಕಠಿಣ ಸಂದರ್ಭಗಳಲ್ಲಿ ಘಾತೀಯ ಪ್ರಮಾಣದ ಕಾಲ ಬೇಕಾಗುತ್ತದೆಂದು ಬೆರಾರ್ಡಿ, ಕಾಲ್ವನೀಸ್ ಮತ್ತು ಡಿ ಜಾಕೊಮೊ 2005ರಲ್ಲಿ ತೋರಿಸಿದರು. ಆದ್ದರಿಂದ ಅನುವಾದವಾಗದ ನಿಯಮಗಳನ್ನು ಕೈಬಿಡದೆ, ಮಾದರಿಯ ಜೊತೆಗೆ ಬರಹದಲ್ಲಿ ದಾಖಲಿಸುವುದು ಅಗತ್ಯ.

ಇವನ್ನೂ ನೋಡಿ

• ದತ್ತಸಂಚಯ
• ತಂತ್ರಾಂಶ ವಿನ್ಯಾಸ
• ಬ್ಯಾಡಗಿ ಮೆಣಸಿನಕಾಯಿ